ಮೈಕ್ ಪರೀಕ್ಷೆ

ಹಳೆಯ ಲ್ಯಾಪ್‌ಟಾಪಿಗೆ ಹೊಸ ಹಾರ್ಡ್ ಡಿಸ್ಕ್ ಕೂರಿಸಿ, ಅದರೊಳಗಿನ ಫರ್ಮ್‌ವೇರ್ ತಂತ್ರಾಂಶವನ್ನು ಅಪ್‌ಡೇಟ್ ಮಾಡಿದ ಮೇಲೆ ರಿಪೇರಿಯವರು ಕೊನೆಗೆ ಮೈಕ್ ಪರೀಕ್ಷಿಸುತ್ತಿದ್ದರು. ಬೇರೆಯವರು 'ಹಲೋ, ಹಲೋ' ಎಂದರೆ ಇವರು 'ಊಟ ಆಯ್ತಾ?' ಎಂದು ರೆಕಾರ್ಡ್ ಮಾಡಿ, ಕೇಳಿ, ಅಳಿಸುತ್ತಿದ್ದರು. ಹೇಳಿ ಕೇಳಿ ಒಂಟಿ ಜೀವ. ಅಂಗಡಿಯ ಹಿಂದಿನ ಕೋಣೆಯೇ ಮನೆ.

ಒಮ್ಮೆ ರೆಕಾರ್ಡಿಂಗ್ ನಿಲ್ಲಿಸುವುದನ್ನೂ ಮರೆತರು, ಅಳಿಸುವುದನ್ನೂ ಮರೆತರು. ಲ್ಯಾಪ್‌ಟಾಪ್ ಒಯ್ದಿದ್ದ ಟೀಚರಮ್ಮ ಮರುದಿನವೇ ವಾಪಸ್ ಬಂದರು.

"ಇದರಲ್ಲಿ ಊಟ ಆಯ್ತಾ ಅಂತ ನಿಮ್ಮ ಧ್ವನಿ ಇದೆಯಲ್ರೀ!"

ರಿಪೇರಿಯವರ ಮುಖ ಹುಳ್ಳಗಾಯಿತು. "ಮೈಕ್ ಸರಿ ಇದೆಯಾ ಅಂತ ನೋಡಿದ್ದಮ್ಮ. ಕೊಡಿ, ಅಳಿಸ್ತೀನಿ."

"ಅದಿರಲಿ. ಆಮೇಲೆ 'ಹೂಂ, ಆಯ್ತು, ನಿಂದು?' ಅಂತ ಉತ್ತರಾನೂ ನೀವೇ ಕೊಟ್ಟಿದ್ದೀರಲ್ಲ?"

ರಿಪೇರಿಯವರು ತಲೆ ತಗ್ಗಿಸಿ ಮೇಜಿನ ಮೇಲೆಲ್ಲ ಸ್ಕ್ರೂಡ್ರೈವರ್ ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.