ಬಳ್ಳಿಯನ್ನೇ ಕೊಟ್ಟವಳು

ಹೊಂಗಡಹಳ್ಳದ ಹತ್ತಿರ ನಮ್ಮದು ಒಂದೂವರೆ ಎಕರೆ ಕಾಫಿ ತೋಟ. ಅಲ್ಲಿನ ಸಿಲ್ವರ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸನ್ನು ಅವ್ವ ಪ್ರತಿ ವರ್ಷ ಬಳ್ಳಿಯಲ್ಲಿರುವಾಗಲೇ ಗುತ್ತಿಗೆಗೆ ಕೊಡುತ್ತಾಳೆ. ಕೊಡುವ ಮೊದಲು ಪಕ್ಕದ ತೋಟದವಳನ್ನು ಬೇಲಿಯ ಹತ್ತಿರ ಕೂಗಿ ಕರೆದು, ಅವಳೆದುರು ಗುತ್ತಿಗೆದಾರನ ಬಾಯಿಂದಲೇ ಮಾತು ಹೇಳಿಸುತ್ತಾಳೆ.

“ಈ ಸಲದ ಕಾಯಿ ನಂದು, ಬಳ್ಳಿ ನಿಮ್ದು ಕಣಕ್ಕಾ.”

“ಏಣಿ ಹಾಕ್ವಾಗ ಬಳ್ಳಿ ಹರಿದ್ರೆ?”

“ದಂಡ ಕಟ್ತೀನಿ ಬಿಡಕ್ಕಾ.”

ಇಂಥವಳ ಮಗಳಾಗಿ ನಾನು ನನ್ನ ಮೊದಲ ಕತೆಯ ಒಪ್ಪಂದಕ್ಕೆ ಓದದೆ ಸಹಿ ಹಾಕಿದೆ.

ಅದು ಅವ್ವನದೇ ಕತೆ. ನನಗಿಂತ ಮೊದಲು ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಹುಟ್ಟಿ, ಇಪ್ಪತ್ತೇ ದಿನ ಬದುಕಿದ ಮಗುವಿನದು. ಕಣದಲ್ಲಿ ಕಾಫಿ ಹರವುತ್ತಾ ಒಂದೇ ಒಂದು ಸಲ ಹೇಳಿದ್ದಳು. ಮಗುವಿನ ಹೆಸರು ಮಾತ್ರ ಬಾಯಿಗೆ ಬರಲಿಲ್ಲ, ಇನ್ನೊಂದು ದಿನ ಹೇಳುತ್ತೇನೆ ಅಂದಳು. ಬರೆಯಲಾ ಎಂದು ಕೇಳಿದ್ದಕ್ಕೆ, “ಬರಿ, ಆದ್ರೆ ಅದುನ್ನ ಹಾಳು ಮಾಡ್ಬೇಡ” ಎಂದಿದ್ದಳು.

ಕಳಿಸಿದ್ದು ಬೆಂಗಳೂರಿನ ಒಂದು ಜಾಲಪತ್ರಿಕೆಗೆ. ಸಂಪಾದಕರು ಫೋನಿನಲ್ಲಿ “ನಿಮ್ಮದು ಅಪ್ಪಟ ಮಣ್ಣಿನ ದನಿ” ಎಂದರು. ಯಾರಾದರೂ ಹೀಗೆಂದರೆ ಈಗ ನನಗೆ ಕಾಲು ತೊಳೆದುಕೊಳ್ಳಬೇಕೆನಿಸುತ್ತದೆ. ಆಗ ಉಬ್ಬಿಹೋದೆ. ಸಂಭಾವನೆ ಕೇಳಲು ನಾಲಿಗೆಯೇ ಹೊರಳಲಿಲ್ಲ. ಬರಹಕ್ಕೆ ಹಣ ಕೇಳುವುದು ಅಸಹ್ಯವೆಂದು ನಮಗೆಲ್ಲ ಕಲಿಸಿದವರು ಯಾರೋ, ತಿಂಗಳು ತಿಂಗಳು ಸಂಬಳ ಎಣಿಸುವವರೇ ಇರಬೇಕು.

ಮೂರು ಪುಟದ ಒಪ್ಪಂದ ಬಂತು. ಎಲ್ಲ ಹಕ್ಕು, ಎಲ್ಲ ರೂಪದಲ್ಲಿ, ಬೇಕಾದ ಬದಲಾವಣೆಯೊಂದಿಗೆ, ಶಾಶ್ವತವಾಗಿ ಅವರದು ಎಂದು ಎರಡನೆಯ ಪುಟದಲ್ಲಿತ್ತು. ನಾನು ಸಕಲೇಶಪುರದ ಝೆರಾಕ್ಸ್ ಅಂಗಡಿಯಲ್ಲಿ, ಬಸ್ಸಿನ ಗಡಿಬಿಡಿಯಲ್ಲಿ, ಮೂರನೆಯ ಪುಟದ ಗೆರೆ ಹುಡುಕಿ ಸಹಿ ಜಡಿದೆ. ಪ್ರತಿಯಾಗಿ ಫೋನಿಗೊಂದು ಪ್ರಶಸ್ತಿಪತ್ರ ಬಂತು. ಅದರಲ್ಲಿ ನನ್ನ ಹೆಸರಿಗಿಂತ ಸಂಪಾದಕರ ಫೋಟೊ ದೊಡ್ಡದು. ಆ ದರಿದ್ರವನ್ನು ನಾಲ್ಕು ಜನಕ್ಕೆ ತೋರಿಸಿಕೊಂಡೂ ತಿರುಗಿದೆ.

ಮರುವರ್ಷ ಕಾಫಿ ಒಣಗುವಾಗ ಪಕ್ಕದ ತೋಟದವಳು ಫೋನು ಹಿಡಿದು ಕಣಕ್ಕೇ ಬಂದಳು. ಅವಳು ಹಣ ಕಟ್ಟಿ ಕತೆ ಕೇಳುವ ಆ್ಯಪಿನಲ್ಲಿ ಯಾವಳೋ ಬಿಕ್ಕುತ್ತಾ ನನ್ನ ಕತೆ ಓದುತ್ತಿದ್ದಳು. ಅವ್ವ ಕಾಫಿ ಕೆದಕುವುದನ್ನು ಬಿಟ್ಟು ನಿಂತಳು. ಮಗುವಿನ ಉಸಿರು ನಿಲ್ಲುವ ಹೊತ್ತಿಗೆ ಪಿಟೀಲು ಶುರುವಾಯಿತು. ಆಮೇಲೆ ಮಗು ಕಣ್ಣು ಬಿಟ್ಟು ನಕ್ಕಿತು.

ಅಲ್ಲಿಂದಲೇ ಸಂಪಾದಕರಿಗೆ ಫೋನು ಮಾಡಿದೆ. ಕತೆಯನ್ನು ಆ್ಯಪಿಗೆ ಮಾರಿದ್ದು ಅವರೇ. “ಕೇಳುಗರಿಗೆ ಸುಖಾಂತ್ಯ ಬೇಕಮ್ಮಾ. ಬದಲಿಸುವ ಹಕ್ಕು ನೀವೇ ಕೊಟ್ಟಿದ್ದೀರಿ” ಎಂದರು. ಮುಂದೆ ನಾನು ಪುಸ್ತಕ ತಂದರೆ ಅದರಲ್ಲಾದರೂ ಮೊದಲಿದ್ದಂತೆ ಹಾಕಿಕೊಳ್ಳುತ್ತೇನೆ ಅಂದೆ. “ಒಂದು ಅರ್ಜಿ ಕೊಡಿ, ನೋಡೋಣ. ಹೊಸಬರು ನೀವು, ಮೊದಲು ಹೆಸರು ಮಾಡಿ.” ನಾನು ಹೆತ್ತದ್ದಕ್ಕೆ ನಾನೇ ಅರ್ಜಿ ಹಾಕಬೇಕು! ಆ ಮನುಷ್ಯನಿಗೆ ನಮ್ಮ ಗುತ್ತಿಗೆದಾರನ ಚಪ್ಪಲಿಯಷ್ಟೂ ಯೋಗ್ಯತೆಯಿಲ್ಲ. ನನ್ನ ಯೋಗ್ಯತೆಯೂ ಅಷ್ಟರಲ್ಲೇ ಇತ್ತು.

ಫೋನಿಟ್ಟಾಗ ಅವ್ವ ಕೇಳಿದಳು: “ಎಷ್ಟಕ್ಕೆ ಕೊಟ್ಟೆ?”

“ಸುಮ್ನೆ.”

“ಕಾಯಿ ಕೊಟ್ಯೋ, ಬಳ್ಳಿ ಕೊಟ್ಯೋ?”

ಫೋನಿನಲ್ಲಿದ್ದ ಒಪ್ಪಂದದ ಎರಡನೆಯ ಪುಟ ತೆಗೆದು ಓದಿ ಹೇಳಿದೆ. “ಬಳ್ಳೀನೇ ಕೊಟ್ಬುಟ್ಟೆ” ಎಂದ ಅವ್ವ ಮತ್ತೆ ಕಾಫಿ ಕೆದಕತೊಡಗಿದಳು.

ಈಗ ಯಾವ ಒಪ್ಪಂದ ಬಂದರೂ ಎಲ್ಲ ಹಕ್ಕೂ ಶಾಶ್ವತವಾಗಿ ಅವರದೆನ್ನುವ ಸಾಲಿಗೆ ಅಡ್ಡಗೆರೆ ಎಳೆದು ಕಳಿಸುತ್ತೇನೆ. ಹೆಚ್ಚಿನ ಕತೆಗಳು ಹಾಗೇ ವಾಪಸು ಬರುತ್ತವೆ, ಬರಲಿ. ಮೊನ್ನೆ ಗುತ್ತಿಗೆದಾರ ಬೇಲಿಯ ಹತ್ತಿರ ಮಾತು ಕೊಟ್ಟು ಹೋದ ಮೇಲೆ, ಆ ಮಗುವಿನ ಹೆಸರೇನೆಂದು ಅವ್ವನನ್ನು ಕೇಳಿದೆ.

“ಅದೊಂದು ನನ್ ಹತ್ರಾನೇ ಇರ್ಲಿ ಬಿಡು” ಎಂದಳು.