ಮೂಲೆಯ ಚುಕ್ಕಿ

ದೆವ್ವ ಕಂಡೆ, ಯಾರೋ ಹೆಸರು ಹಿಡಿದು ಕರೆದರು, ಬಾಗಿಲು ತಾನಾಗಿಯೇ ತೆರೆದುಕೊಂಡಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅಂಥವರ ಮಾತನ್ನು ನಡುವೆಯೇ ತಡೆದು, ಆಗ ಗಂಟೆ ಎಷ್ಟಾಗಿತ್ತು, ದೀಪ ಇತ್ತೇ, ಊಟಕ್ಕೆ ಏನು ತಿಂದಿದ್ದಿರಿ ಎಂದು ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ನನ್ನ ಕೆಲಸವೂ ಅಂಥದ್ದೇ. ಪೆಟಾಲಿಂಗ್ ಜಯಾ ಎಂಬ ಪರದೇಶದ ಊರಿನ ಒಂದು ಕಂಪನಿಯಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದು ಸರಿಯಾಗಿದೆ ಎಂದು ನಂಬುವುದಕ್ಕಲ್ಲ, ಎಲ್ಲೋ ತಪ್ಪಿದೆ ಎಂದು ಅನುಮಾನಪಡುವುದಕ್ಕೇ ನನಗೆ ಸಂಬಳ. ಆ ಬುದ್ಧಿಯನ್ನು ಆಫೀಸಿನಲ್ಲೇ ಬಿಟ್ಟು ಬಾ ಎಂದು ನನ್ನ ಗಂಡ ರಘು ಗೊಣಗುವುದುಂಟು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ಕೊರೊನಾದ ಮೊದಲ ವರ್ಷದ ಮಾತು. ಅಮ್ಮನ ಮೊಣಕಾಲಿನ ಆಪರೇಷನ್ನಿಗೆಂದು ಎರಡು ವಾರದ ಮಟ್ಟಿಗೆ ತುಮಕೂರಿಗೆ ಹೋಗಿದ್ದೆ. ಮಗಳು ನಿಧಿಗೆ ಆಗ ಆರು ವರ್ಷ, ಶಾಲೆ ತಪ್ಪುತ್ತದೆಂದು ಅವಳನ್ನು ರಘುವಿನ ಬಳಿ ಬಿಟ್ಟಿದ್ದೆ. ಅಷ್ಟರಲ್ಲಿ ಎರಡೂ ದೇಶಗಳು ಬಾಗಿಲು ಹಾಕಿಕೊಂಡವು. ಎರಡು ವಾರ ಎಂದುಕೊಂಡದ್ದು ಎಂಟು ತಿಂಗಳಾಯಿತು. ಮೊದಮೊದಲು ನಿಧಿ ವಿಡಿಯೊ ಕಾಲಿನಲ್ಲಿ ಅತ್ತಳು. ಆಮೇಲೆ ತಾನು ಬರೆದ ಚಿತ್ರ ತೋರಿಸಿದಳು. ಕೊನೆಕೊನೆಗೆ ಪರದೆಯತ್ತ ನೋಡದೆಯೇ "ಐ ಆಮ್ ಬಿಜಿ, ಅಮ್ಮ" ಎಂದು ಎದ್ದು ಹೋಗತೊಡಗಿದಳು. ಅಲ್ಲಿ ಬೆಳೆದ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವುದು, ಅದು ನನಗೆ ಹೊಸದಲ್ಲ. ಆದರೆ ಆ ಬಿಜಿ ಎಂಬ ಮಾತು ನನ್ನದೇ, ನನ್ನಿಂದಲೇ ಕಲಿತದ್ದು. ನಾನು ತಲುಪುವಷ್ಟರಲ್ಲಿ ಮಗು ನನ್ನನ್ನು ಬಿಟ್ಟೇಬಿಡುತ್ತದೆ ಎಂಬ ಭಯ ಹಗಲೂ ರಾತ್ರಿ ಕೊರೆಯುತ್ತಿತ್ತು.

ಇನ್ನೊಂದು ಸಣ್ಣ ವಿಷಯ ಇಲ್ಲಿ ಹೇಳಬೇಕು. ಪೆಟಾಲಿಂಗ್ ಜಯಾದ ನಮ್ಮ ಮನೆ ಹನ್ನೊಂದನೆಯ ಮಹಡಿಯಲ್ಲಿ. ಅಂಗಳ ಇಲ್ಲದಿದ್ದರೂ ಬಾಗಿಲ ಮುಂದೆ ಎರಡು ಗೇಣಿನ ಜಾಗದಲ್ಲಿ ನಿತ್ಯ ರಂಗೋಲಿ ಹಾಕುವುದನ್ನು ನಾನು ಬಿಟ್ಟಿರಲಿಲ್ಲ. ಅದರಲ್ಲಿ ನನಗೂ ನಿಧಿಗೂ ಪಾಲಿತ್ತು. ಐದು ಸಾಲಿಗೆ ಐದೈದು ಚುಕ್ಕಿ ಇಡುವುದು ನಾನು, ಗೆರೆ ಎಳೆದು ಸೇರಿಸುವುದು ಅವಳು. ಅವಳು ಯಾವಾಗಲೂ ನಡುವಿನಿಂದ ಶುರು ಮಾಡಿ ಸುತ್ತುತ್ತಾ ಬರುತ್ತಿದ್ದಳು. ಕೊನೆಗೆ ಎಡಗಡೆಯ ಕೆಳಮೂಲೆಯ ಚುಕ್ಕಿ ಒಂಟಿಯಾಗಿ ಉಳಿದುಬಿಡುತ್ತಿತ್ತು. ಎಲ್ಲ ಚುಕ್ಕಿಯೂ ಗೆರೆಯೊಳಗೆ ಸೇರಬೇಕು ಎಂದು ನನ್ನಮ್ಮ ನನಗೆ ಗದರಿಸಿ ಕಲಿಸಿದ್ದರು. ನಾನು ನಿಧಿಗೆ ಅದನ್ನು ಹೇಳಿಕೊಡಲಿಲ್ಲ. ದೊಡ್ಡ ಮನಸ್ಸಿನಿಂದೇನಲ್ಲ, ನನಗೆ ಪುರಸೊತ್ತಿರಲಿಲ್ಲ. ಚುಕ್ಕಿ ಇಟ್ಟವಳೇ ಬ್ಯಾಗು ಎತ್ತಿಕೊಂಡು ಲಿಫ್ಟಿನತ್ತ ಓಡುತ್ತಿದ್ದೆ. ಸಂಜೆ ಬಂದಾಗ ಆ ಒಂಟಿ ಚುಕ್ಕಿಯನ್ನು ಬೆರಳಿನಿಂದ ಒರೆಸಿ ಒಳಗೆ ಹೋಗುತ್ತಿದ್ದೆ.

ಅಂತೂ ಪ್ರಯಾಣಕ್ಕೆ ಅನುಮತಿ ಸಿಕ್ಕಿತು. ವಿಶೇಷ ವಿಮಾನ, ನಿಲ್ದಾಣದಲ್ಲಿ ಮೂಗಿಗೆ ಕಡ್ಡಿ, ಕೈಗೊಂದು ಪಟ್ಟಿ, ಆಮೇಲೆ ಬಸ್ಸು. ಹದಿನಾಲ್ಕು ದಿನ ಯಾವ ಹೋಟೆಲಿನಲ್ಲಿ ಇರಬೇಕೆಂಬುದು ನಮ್ಮ ಕೈಯಲ್ಲಿರಲಿಲ್ಲ, ಬಸ್ಸು ನಿಂತಲ್ಲಿ ಇಳಿಯಬೇಕು ಅಷ್ಟೆ. ಎರಡು ಗಂಟೆಯ ಮೇಲೆ ಅದು ನಿಂತದ್ದು ಒಂದು ಕೋಟೆಯ ಮುಂದೆ. ತವರದ ಗಣಿಯಲ್ಲಿ ದುಡ್ಡು ಮಾಡಿದ ಇಂಗ್ಲಿಷ್ ದೊರೆಯೊಬ್ಬ ತನ್ನೂರಿನ ಕೋಟೆಯ ನೆನಪಿಗೆ ಕಟ್ಟಿಸಿದ್ದಂತೆ. ದುಂಡನೆಯ ಎರಡು ಗೋಪುರ, ಪಾಚಿಗಟ್ಟಿದ ಕಲ್ಲು, ಸುತ್ತ ಎಣ್ಣೆತಾಳೆಯ ತೋಟ. ಹೋಟೆಲಾಗಿ ಎಷ್ಟೋ ಕಾಲವಾಗಿದ್ದರೂ ಪ್ರವಾಸಿಗರಿಲ್ಲದೆ ಸೊರಗಿ, ಈಗ ನಮ್ಮಂಥವರನ್ನು ಕೂಡಿಹಾಕುವುದಕ್ಕೆ ಒಪ್ಪಿಕೊಂಡಿತ್ತು. ಬೇರೆ ಕಾಲದಲ್ಲಾಗಿದ್ದರೆ ಮೆಚ್ಚುತ್ತಿದ್ದೆನೋ ಏನೋ. ಆ ದಿನ ಮಾತ್ರ ಈ ಕೋಣೆಯಲ್ಲಿ ನನಗಿಂತ ಮೊದಲು ಯಾರಿದ್ದರು, ನೆಲವನ್ನು ನಿಜಕ್ಕೂ ಒರೆಸಿದ್ದಾರೆಯೇ, ನೀರು ಕಾಯಿಸುವ ಕೆಟಲಿನಲ್ಲಿ ಯಾರು ಏನು ಬೇಯಿಸಿಕೊಂಡಿದ್ದರು ಎಂಬುದೇ ನನ್ನ ಚಿಂತೆ.

ಕೋಣೆಯ ನೆಲ ಕೆಂಪು ಹೆಂಚಿನದು. ಕಿಟಕಿಗಳಿಗೆ ಕೆಳಗಿನ ಅರ್ಧಕ್ಕೆ ಮಾತ್ರ ಕಬ್ಬಿಣದ ಸರಳು. ಅದೇಕೆ ಹಾಗೆ ಎಂದು ಊಟ ತಂದಿಡುವ ಸೆಲ್ವಿಯನ್ನು ಕೇಳಿದೆ. ಸೆಲ್ವಿ ಅಲ್ಲಿನ ತೋಟದ ತಮಿಳರ ಹುಡುಗಿ. ದಿನಕ್ಕೆ ಮೂರು ಸಲ ಬಾಗಿಲು ತಟ್ಟಿ, ಹೊರಗಿನ ಕುರ್ಚಿಯ ಮೇಲೆ ಡಬ್ಬಿ ಇಟ್ಟು, ದೂರ ಸರಿದು ನಿಲ್ಲುತ್ತಿದ್ದಳು. ತಲೆಯಿಂದ ಕಾಲಿನವರೆಗೆ ಬಿಳಿಯ ರಕ್ಷಾ ಉಡುಪು, ಅವಳ ಮುಖ ನಾನು ನೋಡಿಯೇ ಇಲ್ಲ. ನನ್ನ ಅರೆಬರೆ ತಮಿಳು, ಅವಳ ಅರೆಬರೆ ಇಂಗ್ಲಿಷ್, ಹೇಗೋ ಮಾತು ನಡೆಯುತ್ತಿತ್ತು. ದೊರೆಯ ಮಕ್ಕಳ ಕೋಣೆ ಅದು, ಅವರು ಬೀಳಬಾರದೆಂದು ಸರಳು ಹಾಕಿಸಿದ್ದರು ಎಂದಳು. ಆ ಮಕ್ಕಳು ಏನಾದರು ಎಂದು ನಾನು ಕೇಳಲಿಲ್ಲ. ಬೇಕೆಂದೇ ಕೇಳಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಕೈ ಸುಮ್ಮನಿರಲಾರದೆ, ಮನೆಗೆಂದು ತಂದಿದ್ದ ರಂಗೋಲಿ ಪುಡಿಯ ಪೊಟ್ಟಣ ಬಿಚ್ಚಿದೆ. ಹೊಸ್ತಿಲು ದಾಟುವ ಹಾಗಿರಲಿಲ್ಲ, ಬಾಗಿಲಿನ ಒಳಗಡೆಯೇ ಇಪ್ಪತ್ತೈದು ಚುಕ್ಕಿ ಇಟ್ಟೆ. ಗೆರೆ ಎಳೆಯಲು ಮನಸ್ಸಾಗಲಿಲ್ಲ. ಅದು ನನ್ನ ಪಾಲಲ್ಲ ಅನ್ನಿಸಿತು. ದಿನವೂ ಹಾಗೇ ಮಾಡಿದೆ. ಬೆಳಿಗ್ಗೆ ಚುಕ್ಕಿ ಇಡುವುದು, ಸಂಜೆ ಒರೆಸುವುದು.

ಏಳನೆಯ ದಿನದಿಂದ ಮನೆಯ ಸುದ್ದಿಯಲ್ಲಿ ಏನೋ ಎಡವಟ್ಟಿದೆ ಎಂದು ನನಗೆ ವಾಸನೆ ಹತ್ತಿತು. ಕಾಲ್ ಮಾಡಿದರೆ ನಿಧಿ ಮಲಗಿದ್ದಾಳೆ, ನಿಧಿಗೆ ಕ್ಲಾಸ್ ಇದೆ. ರಘುವಿನ ಬೆನ್ನ ಹಿಂದೆ ತಿಳಿಹಸಿರು ಬಣ್ಣದ ಪರದೆ. ನಮ್ಮ ಮನೆಯಲ್ಲಿ ಅಂಥ ಪರದೆ ಇಲ್ಲ. ಕೇಳಿದರೆ ಸ್ನೇಹಿತನ ಮನೆ ಎಂದ. ಹೊರಗೆ ಕಾಲಿಡಬಾರದ ದಿನಗಳಲ್ಲಿ ಎಂಥ ಸ್ನೇಹಿತನ ಮನೆ? ಎಂಟು ತಿಂಗಳು ಒಂಟಿಯಾಗಿದ್ದ ಗಂಡಸು ಎಂಬ ಕಡೆಗೂ ನನ್ನ ತಲೆ ಓಡಿತು, ಒಪ್ಪಿಕೊಳ್ಳುತ್ತೇನೆ. ಎಂಟನೆಯ ದಿನ ಕ್ಯಾಮೆರಾ ಕೆಟ್ಟಿದೆ ಎಂದ. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮುಂದೆ ನಡೆದದ್ದನ್ನು ಅಳೆಯುವಾಗ ಇದನ್ನೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂಬತ್ತನೆಯ ದಿನ ಬೆಳಿಗ್ಗೆ ಏಳು ಗಂಟೆ ದಾಟಿತ್ತು, ಬೆಳಕು ಚೆನ್ನಾಗಿ ಹರಿದಿತ್ತು. ಎಂದಿನಂತೆ ಚುಕ್ಕಿ ಇಟ್ಟು ಸ್ನಾನಕ್ಕೆ ಹೋದೆ. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಕೂದಲು ಒರೆಸಿಕೊಳ್ಳುತ್ತಾ ಹೊರಗೆ ಬಂದರೆ, ಚುಕ್ಕಿಗಳನ್ನು ಸೇರಿಸಿ ಯಾರೋ ಗೆರೆ ಎಳೆದಿದ್ದರು.

ಗೆರೆಗಳು ದಪ್ಪ ದಪ್ಪಗೆ, ಅಲ್ಲಲ್ಲಿ ತುಂಡಾಗಿ, ಸೊಟ್ಟಗಿದ್ದವು. ನಡುವಿನಿಂದ ಸುತ್ತುತ್ತಾ ಬಂದಿದ್ದವು. ಎಡಗಡೆಯ ಕೆಳಮೂಲೆಯಲ್ಲಿ ಒಂದು ಚುಕ್ಕಿ ಒಂಟಿಯಾಗಿ ಉಳಿದಿತ್ತು.

ಭಯ ಆಮೇಲೆ ಬಂತು. ಅದಕ್ಕಿಂತ ಮೊದಲು ನನ್ನ ಬಾಯಿಂದ ಮಾತು ಬಂತು. "ಮೂಲೆಯಿಂದ ಶುರು ಮಾಡು ಪುಟ್ಟಿ, ಆಗ ಯಾವ್ದೂ ಬಿಟ್ಟುಹೋಗಲ್ಲ" ಎಂದೆ. ಖಾಲಿ ಕೋಣೆಯಲ್ಲಿ, ಗಟ್ಟಿಯಾಗಿ. ಆ ಮಾತು ನನಗೇ ಕೇಳಿದ ಮೇಲೆ ಬಾಗಿಲಿನತ್ತ ಓಡಿದೆ.

ಬಾಗಿಲ ಸರಪಳಿ ಒಳಗಿನಿಂದ ಹಾಕಿದ ಹಾಗೇ ಇತ್ತು. ಕಿಟಕಿಗಳು ಮುಚ್ಚಿದ್ದವು. ಕಪಾಟು, ಮಂಚದ ಕೆಳಗೆ, ಎಲ್ಲ ನೋಡಿದೆ. ಫೋನಿನಲ್ಲಿ ಫೋಟೊ ತೆಗೆದೆ. ಸರಪಳಿ ಹಾಕಿದ್ದರೂ ಮೊದಲು ನನ್ನ ಅನುಮಾನ ಹೋದದ್ದು ಸೆಲ್ವಿಯ ಮೇಲೆ. ಅವಳ ಮನೆಯಲ್ಲೂ ದಿನಾ ಕೋಲ ಎಂಬ ತಮಿಳರ ರಂಗೋಲಿ ಹಾಕುತ್ತಾರಲ್ಲ, ನನ್ನ ಚುಕ್ಕಿಗಳನ್ನು ಬಾಗಿಲ ಸಂದಿಯಲ್ಲಿ ಕಂಡು ಕೈ ತುರಿಸಿರಬೇಕು ಎಂದುಕೊಂಡೆ. ತಿಂಡಿ ತಂದಾಗ ಸರಪಳಿ ತೆಗೆಯದೆಯೇ ದಬಾಯಿಸಿದೆ.

"ಅಯ್ಯೋ ಅಕ್ಕಾ, ಒಳಗೆ ಬಂದ್ರೆ ನನ್ ಕೆಲಸಾನೇ ಹೋಗುತ್ತೆ ಲಾ. ನಾನ್ಯಾಕೆ ಬರ್ಲಿ?" ಎಂದಳು, ಅಲ್ಲಿನವರೆಲ್ಲ ಮಾತಿಗೆ ಅಂಟಿಸುವ 'ಲಾ' ಸೇರಿಸಿ. ಸಂದಿಯಿಂದ ಬಗ್ಗಿ ನೋಡಿ, "ನಮ್ಮ ಕೋಲದಲ್ಲಿ ಚುಕ್ಕಿ ಸುತ್ತಿ ಬಳ್ಳಿ ಥರ ಗೆರೆ ಹೋಗುತ್ತೆ. ಇದು ಚಿಕ್ ಮಗು ಹಾಕಿದ್ದು ಅಕ್ಕಾ" ಎಂದಳು.

ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ರಘುವಿಗೆ ಕಾಲ್ ಮಾಡಿದೆ. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು, ಅವನ ಸುಳ್ಳು ನನಗೆ ದನಿಯಲ್ಲೇ ತಿಳಿಯುತ್ತದೆ. "ರಘು, ಆ ಹಸಿರು ಪರದೆ ಎಲ್ಲೀದು, ನಿಜ ಹೇಳು" ಎಂದೆ. ಅವನು ಅತ್ತುಬಿಟ್ಟ. ನಿಧಿಗೆ ಪಾಸಿಟಿವ್ ಬಂದು ಮೂರು ದಿನವಾಗಿತ್ತು. ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಹಿಂದಿನ ರಾತ್ರಿ ಜ್ವರ ತುಂಬಾ ಏರಿ ಏನೇನೋ ಕನವರಿಸಿದ್ದಳು, ಈಗ ಸ್ವಲ್ಪ ಇಳಿದಿದೆ ಎಂದ. "ನೀನು ಅಲ್ಲಿಂದ ಹೊರಗೆ ಬರೋಕಾಗಲ್ಲ, ಹೇಳಿ ಏನ್ಮಾಡ್ಲಿ ಅನ್ಕೊಂಡೆ ಕಣೇ" ಎಂದ. ಕೋಪ ಮಾಡಿಕೊಳ್ಳುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ರಂಗೋಲಿಯ ಪಕ್ಕದಲ್ಲಿ ನೆಲದ ಮೇಲೇ ಕೂತು ಅತ್ತೆ. ಆ ಸಂಜೆ ಅದನ್ನು ಒರೆಸಲಿಲ್ಲ.

ಮರುದಿನದಿಂದ ನನ್ನ ಹಳೆಯ ಬುದ್ಧಿ ಎದ್ದಿತು. ಒಂದು ದೋಷ ಇದೆ ಎನ್ನಬೇಕಾದರೆ ಅದನ್ನು ಮತ್ತೊಮ್ಮೆ ಮಾಡಿ ತೋರಿಸಬೇಕು, ನಮ್ಮ ಕಸುಬಿನ ಮೊದಲ ಪಾಠ ಅದು. ಅದೇ ಹೊತ್ತಿಗೆ ಚುಕ್ಕಿ ಇಟ್ಟೆ, ಸರಪಳಿ ಹಾಕಿದೆ, ಫೋನನ್ನು ಕುರ್ಚಿಗೆ ಆನಿಸಿ ವಿಡಿಯೊಗೆ ಇಟ್ಟು ಸ್ನಾನಕ್ಕೆ ಹೋದೆ. ಉಳಿದ ಐದು ದಿನವೂ ಹೀಗೇ ಮಾಡಿದೆ. ಚುಕ್ಕಿಗಳು ಚುಕ್ಕಿಗಳಾಗಿಯೇ ಉಳಿದವು. ಹಾಗಾದರೆ ನಿದ್ದೆಗೆಟ್ಟ ತಲೆಯಲ್ಲಿ ನಾನೇ ಗೆರೆ ಎಳೆದು ಮರೆತೆನೇ? ಇರಬಹುದು. ಬೆರಳಲ್ಲಿ ಪುಡಿ ಇತ್ತೇ ಎಂದು ನೋಡೋಣವೆಂದರೆ, ನಾನು ಸ್ನಾನ ಮಾಡಿ ಬಂದಿದ್ದೆ. ಅದು ದೊರೆಯ ಮಕ್ಕಳ ಕೋಣೆ ಎಂಬುದೂ ನೆನಪಾಗುತ್ತಿತ್ತು. ಆದರೆ ಯಾವ ಇಂಗ್ಲಿಷ್ ಮಗು ನಮ್ಮ ನಿಧಿಯ ಹಾಗೆ ಅದೇ ಮೂಲೆಯ ಚುಕ್ಕಿಯನ್ನು ಬಿಡುತ್ತದೆ? ಹೋಟೆಲಿನ ಮ್ಯಾನೇಜರನ್ನು ಫೋನಿನಲ್ಲಿ ಕೇಳಿದ್ದಕ್ಕೆ, ಹಳೆಯ ಕಟ್ಟಡವೆಂದ ಮೇಲೆ ಕಥೆಗಳಿರುತ್ತವೆ ಮೇಡಂ, ಪ್ರವಾಸಿಗರು ಇಷ್ಟಪಡುತ್ತಾರೆ ಎಂದು ನಕ್ಕ.

ಬಿಡುಗಡೆಯಾಗಿ ಮನೆಗೆ ಬಂದಾಗ ನಿಧಿ ಆಸ್ಪತ್ರೆಯಿಂದ ಬಂದು ಒಂದು ದಿನವಾಗಿತ್ತು. ತೆಳ್ಳಗಾಗಿದ್ದಳು, ಎತ್ತರವಾಗಿದ್ದಳು. ನಾನು ಕೈ ಚಾಚಿದರೆ ರಘುವಿನ ಕಾಲಿನ ಹಿಂದೆ ಸರಿದುಕೊಂಡಳು. ಬಲವಂತ ಮಾಡಬೇಡ ಎಂದು ಅವನು ಕಣ್ಣಿನಲ್ಲೇ ಹೇಳಿದ. ಆ ರಾತ್ರಿ ಅವಳು ಅಪ್ಪನ ಪಕ್ಕದಲ್ಲೇ ಮಲಗಿದಳು. ನಾನು ಹೆದರಿದ್ದ ಹಾಗೇ ಆಗಿತ್ತು.

ಬೆಳಿಗ್ಗೆ ಬಾಗಿಲು ತೆರೆದು, ನೆಲ ಒರೆಸಿ, ಚುಕ್ಕಿ ಇಟ್ಟೆ. ಅವಳನ್ನು ಕರೆಯಲಿಲ್ಲ. ಎಲ್ಲಿಗೂ ಓಡದೆ ಅಲ್ಲೇ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಪುಟ್ಟ ಪಾದಗಳು ಬಂದವು. ನಿಧಿ ಕುಕ್ಕರುಗಾಲಲ್ಲಿ ಕೂತು ಪುಡಿಗೆ ಕೈ ಹಾಕಿದಳು. ನಡುವಿನಿಂದಲ್ಲ, ಎಡಗಡೆಯ ಕೆಳಮೂಲೆಯಿಂದ ಶುರು ಮಾಡಿದಳು. ಸುತ್ತಿ ಬಂದು ಮುಗಿಸಿದಾಗ ಒಂದು ಚುಕ್ಕಿಯೂ ಹೊರಗೆ ಉಳಿದಿರಲಿಲ್ಲ.

"ಮೂಲೆಯಿಂದ ಶುರು ಮಾಡೋದು ಯಾರು ಹೇಳ್ಕೊಟ್ರು ಪುಟ್ಟಿ?" ಎಂದು ಕೇಳಿದೆ. ದನಿ ಮಾಮೂಲಾಗಿರುವಂತೆ ನೋಡಿಕೊಂಡೆ.

"ಯೂ ಲಾ, ಅಮ್ಮ."

"ಯಾವಾಗ?"

"ವೆನ್ ಐ ವಾಸ್ ವೆರಿ ಹಾಟ್," ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ. ಜ್ವರಕ್ಕೆ ಅವಳು ಹಾಗೆನ್ನುತ್ತಿದ್ದಳು. ಮತ್ತೆ ಪುಡಿಯ ಕೈಯಲ್ಲೇ ನನ್ನ ತೋಳು ಹಿಡಿದುಕೊಂಡು ಮಡಿಲಿಗೆ ಹತ್ತಿದಳು.

ಆಮೇಲೆ ರಘುವನ್ನು ಹಲವು ಸಲ ವಿಚಾರಿಸಿದ್ದೇನೆ. ಆ ಬೆಳಿಗ್ಗೆ ಅವಳು ಹೊದಿಕೆಯ ಮೇಲೆ ಬೆರಳಾಡಿಸುತ್ತಿದ್ದ ನೆನಪು ಎಂದು ಅವನು ಹೇಳುತ್ತಾನೆ. ಆದರೆ ರಂಗೋಲಿಯ ಕಥೆ ಪೂರ್ತಿ ಹೇಳಿ ಮುಗಿಸಿದ ಮೇಲೆ ನಾನು ಅದನ್ನು ಕೇಳಿದ್ದೆ. ಸಾಕ್ಷಿಗೆ ಉತ್ತರ ಹೇಳಿಕೊಟ್ಟು ಪ್ರಶ್ನೆ ಕೇಳಿದ ಹಾಗಾಯಿತು, ಆ ಮಾತನ್ನು ನಾನು ಪುರಾವೆ ಎನ್ನಲಾರೆ. ಎಂಟು ತಿಂಗಳ ಕಾಲ್‌ಗಳಲ್ಲಿ ಎಂದಾದರೂ ನಾನೇ ಹೇಳಿಕೊಟ್ಟಿದ್ದೆನೇ ಎಂದು ನೆನಪಿಸಿಕೊಳ್ಳಲು ಹೋಗಿ ಸೋತಿದ್ದೇನೆ. ಫೋಟೊ ಇನ್ನೂ ಫೋನಿನಲ್ಲಿದೆ. ತೋರಿಸಿದರೆ ಯಾರಿಗಾದರೂ ಕಾಣುವುದು ಕೆಂಪು ನೆಲದ ಮೇಲಿನ ಒಂದು ಸೊಟ್ಟ ರಂಗೋಲಿ ಅಷ್ಟೆ. ನೀವೇ ಹಾಕಿರುತ್ತೀರಿ ಎಂದರೆ ಫೋನನ್ನು ಮತ್ತೆ ಬ್ಯಾಗಿಗೆ ಹಾಕಿಕೊಳ್ಳುತ್ತೇನೆ.

ನಿಧಿಯನ್ನು ಮಾತ್ರ ಆ ವಿಷಯ ನಾನು ಎರಡನೆಯ ಸಲ ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾಳೋ ಎಂಬ ಭಯ ಇನ್ನೂ ಇದೆ. ಈಗ ಅವಳು ಬೆಳೆದಿದ್ದಾಳೆ, "ಅಮ್ಮ, ಯು ಗೋ, ಐ ವಿಲ್ ಫಿನಿಶ್" ಎನ್ನುತ್ತಾಳೆ. ಆಫೀಸಿಗೆ ತಡವಾದರೂ ಸರಿ, ಅವಳು ಕೊನೆಯ ಗೆರೆ ಎಳೆಯುವವರೆಗೆ ನಾನು ಅಲ್ಲಿಂದ ಏಳುವುದಿಲ್ಲ.