ಐದಕ್ಕೆ ಮೂರು

ಕಳೆದ ಚಳಿಗಾಲದ ನಮ್ಮ ಜಾರ್ಜಿಯಾ ಪ್ರವಾಸದ ಕತೆಯನ್ನು ನನ್ನ ಅಕ್ಕನ ಗಂಡ ದುಬೈಯಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಒಂದೇ ರೀತಿ ಹೇಳುತ್ತಾರೆ. "ಎಂಥ ಚಂದದ ಹಿಮದ ಇಳಿಜಾರು ಮಾರಾಯ್ರೆ. ಇವಳು ಹೆದರಿದಳು, ವಾಪಸ್ ಬಂದೆವು. ಮತ್ತೆ ನೋಡಿದ್ರೆ ಎಂತದೂ ಆಗ್ಲಿಲ್ಲ." ಕೇಳಿದವರು ನಗುತ್ತಾರೆ. ನಾನು ಹೆದರಿದೆ ಎಂಬುದನ್ನು ಬೇಕಾದರೆ ಬಿಟ್ಟುಕೊಡುತ್ತೇನೆ. 'ಎಂತದೂ ಆಗ್ಲಿಲ್ಲ' ಎಂಬುದನ್ನು ಸಾಕ್ಷಿ ಎಂದು ಮಂಡಿಸಿದರೆ ಮಾತ್ರ ಒಪ್ಪಲಾರೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ವಾದಕ್ಕೆ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಿದ್ದರು.

ಭಾವನೂ ನಾನೂ ಸ್ಕೀ ಕಲಿತದ್ದು ದುಬೈಯ ಶಾಪಿಂಗ್ ಮಾಲಿನೊಳಗಿನ ಹಿಮದಲ್ಲಿ. ಅದನ್ನು ಯಂತ್ರ ಸುರಿಸುತ್ತದೆ, ಯಂತ್ರವೇ ಸಮ ಮಾಡುತ್ತದೆ. ಆಟ ಮುಗಿಸಿ ಪಾರ್ಕಿಂಗಿಗೆ ಬಂದರೆ ಸೆಕೆಗೆ ಕನ್ನಡಕ ಮಂಜಾಗುತ್ತದೆ. ಬೆಟ್ಟದ ಹಿಮ ಹಾಗಲ್ಲ. ಪದರ ಪದರವಾಗಿ ಕೂರುತ್ತದೆ; ಗಾಳಿ ಅದನ್ನು ಒಂದು ಬದಿಯಿಂದ ಎತ್ತಿ ಇನ್ನೊಂದು ಬದಿಗೆ ಪೇರಿಸುತ್ತದೆ. ಕೆಳಗಿನ ಪದರ ಸಡಿಲವಾಗಿದ್ದರೆ ಒಬ್ಬರ ಭಾರಕ್ಕೇ ಮೇಲಿನದೆಲ್ಲ ಕಿತ್ತುಕೊಂಡು ಬರಬಹುದು.

ಆ ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿ ತಿನ್ನುತ್ತ ನಾನು ಮೊಬೈಲಿನಲ್ಲಿ ಹಿಮಕುಸಿತದ ಮುನ್ಸೂಚನೆ ಓದಿದೆ. ಅಪಾಯದ ಮಟ್ಟ ಐದಕ್ಕೆ ಮೂರು.

"ಅಂದ್ರೆ ಅರವತ್ತು ಪರ್ಸೆಂಟ್," ಎಂದರು ಭಾವ. "ನಮ್ಮಲ್ಲಿ ಅದು ಫಸ್ಟ್ ಕ್ಲಾಸ್. ಯಲ್ಲಾ, ಹೊರಡು."

"ಪರೀಕ್ಷೆ ಬರೆದದ್ದು ನೀವಲ್ಲ ಭಾವ, ಹಿಮ. ಫಸ್ಟ್ ಕ್ಲಾಸ್ ಬಂದದ್ದೂ ಅದಕ್ಕೇ."

"ಐದು ಇದ್ರೆ ಅಲ್ವಾ ಹೆದರ್ಬೇಕಾದ್ದು?"

"ಐದು ಇದ್ದ ದಿನ ಯಾರೂ ಮನೆಯಿಂದ ಹೊರಡುದಿಲ್ಲ. ಮೂರಕ್ಕೆ ಎಲ್ಲರೂ ಹೊರಡ್ತಾರೆ."

ಆದರೂ ಹೊರಟೆವು. ಸ್ಕೀ ಮಾಡುವವರಿಗೆಂದು ಸಮ ಮಾಡಿ ಕಾವಲಿಟ್ಟ ದಾರಿಗಳನ್ನು ಬಿಟ್ಟು ಮೇಲೆ ಹತ್ತಿದೆವು. ಇಳಿಜಾರಿನ ಅಂಚಿನಲ್ಲಿ ಸ್ಕೀ ಕೋಲನ್ನು ಹಿಮದ ಮೇಲೆ ಮಲಗಿಸಿ, ಅದಕ್ಕೆ ಮೊಬೈಲ್ ಒರಗಿಸಿ ಕೋನ ಅಳೆದೆ. ಮೂವತ್ತೈದು ಡಿಗ್ರಿಗೂ ಹೆಚ್ಚು; ಹಿಮ ಕಿತ್ತುಕೊಂಡು ಬರಲು ಅಷ್ಟು ಕಡಿದಾಗಿದ್ದರೆ ಧಾರಾಳ ಸಾಕು. ರಾತ್ರಿಯ ಗಾಳಿ ಅಲ್ಲೇ ಹಿಮ ತಂದು ಪೇರಿಸಿತ್ತು. ಅಷ್ಟರಲ್ಲಿ ನಮ್ಮ ಕಾಲಡಿಯಲ್ಲಿ 'ಧುಪ್' ಎಂದು ಏನೋ ಕುಸಿದು ಕೂತ ಸದ್ದಾಯಿತು. ಒಳಗಿನ ಪದರ ಮುರಿದ ಸದ್ದು ಅದು. ಭಾವನ ಕತೆಯಲ್ಲಿ ಈ ಸದ್ದು ಇರುವುದೇ ಇಲ್ಲ.

"ನೀವು ಇಳಿದ್ರೆ ನಾನು ಹಿಂದೆ ಬರುದಿಲ್ಲ," ಎಂದೆ. "ನೀವು ಒಳಗೆ ಸಿಕ್ಕಿಬಿದ್ರೆ ಹುಡುಕ್ಲಿಕ್ಕೆ, ಅಗೀಲಿಕ್ಕೆ ಇಲ್ಲಿ ಇರುದು ನಾನೊಬ್ಬಳೇ."

"ಖಲಾಸ್," ಎಂದು ಭಾವ ಸ್ಕೀ ತಿರುಗಿಸಿದರು. "ನಿನ್ನತ್ರ ಮಾತಾಡಿ ಗೆದ್ದವರುಂಟಾ ಲಾಯರಮ್ಮ?"

ನಾವು ಬೇರೆ ದಾರಿಯಲ್ಲಿ ಕೆಳಗೆ ತಲುಪುವಾಗ ಪರದೇಶದ ಇಬ್ಬರು ಅದೇ ಇಳಿಜಾರನ್ನು ಸಲೀಸಾಗಿ ಇಳಿದು ನಮ್ಮತ್ತ ಕೈಬೀಸಿದರು. ಇಡೀ ವರ್ಷ ಭಾವ ಹಿಡಿದುಕೊಂಡಿರುವುದು ಆ ಇಬ್ಬರನ್ನೇ.

ಈ ಚಳಿಗಾಲಕ್ಕೆ ಮತ್ತೆ ಅಲ್ಲಿಗೇ ಹೊರಟಿದ್ದೇವೆ, ಈ ಸಲ ಅಕ್ಕನೂ ಬರುತ್ತಾಳೆ. ಮಾಲಿನಲ್ಲಿ ಅವಳಿಗೆ ಸ್ಕೀ ಕಲಿಸಿದವರು ಭಾವನೇ. ಬಿದ್ದರೆ ಎತ್ತಲು ಸುಲಭವೆಂದು ಯಾವಾಗಲೂ ಅವಳನ್ನು ಮುಂದೆ ಬಿಟ್ಟು ತಾವು ಹಿಂದೆ ಬರುತ್ತಾರೆ. ಟಿಕೆಟ್ ಆಗಿದೆ. ಹಾಗಾಗಿ ಕಳೆದ ಭಾನುವಾರ ಇಬ್ಬರನ್ನೂ ಕಾರಿನಲ್ಲಿ ಕೂರಿಸಿ ಜೆಬೆಲ್ ಅಲಿ ದಾಟಿ ಮರಳುಗಾಡಿನ ಬಯಲಿಗೆ ಕರೆದೊಯ್ದೆ. ಹಿಮದಡಿ ಸಿಕ್ಕಿದವರನ್ನು ಸಿಗ್ನಲ್‌ನಿಂದ ಪತ್ತೆಹಚ್ಚುವ ಬೀಕನ್ ಎಂಬ ಪುಟ್ಟ ಯಂತ್ರವೊಂದನ್ನು ಮರಳಲ್ಲಿ ಹೂತು, ಇನ್ನೊಂದನ್ನು ಕೈಗೆ ಕೊಟ್ಟು ಹುಡುಕಿಸಿದೆ. ಭಾವ ಸುತ್ತು ಹಾಕಿದ್ದೇ ಹಾಕಿದ್ದು.

"ಬಿರಿಯಾನಿ ಹೂತಿದ್ರೆ ಇಷ್ಟೊತ್ತಿಗೆ ಸಿಕ್ತಿತ್ತು ನಿಮ್ಗೆ," ಎಂದಳು ಅಕ್ಕ.

ಕೊನೆಗೂ ಅಗೆದು ತೆಗೆದು, ಶರ್ಟಿನ ಮರಳು ಕೊಡವುತ್ತ ಭಾವ ಹೇಳಿದರು: "ಈ ಸಲ ಆ ಇಳಿಜಾರು ಬಿಡುದಿಲ್ಲ. ಅವರಿಬ್ಬರು ಇಳಿದ್ರಲ್ವಾ?"

ಒಳಗಿನ ಪದರ, ಗಾಳಿ, ಡಿಗ್ರಿ ಎಲ್ಲವನ್ನೂ ಮತ್ತೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕ ಪಕ್ಕದಲ್ಲೇ ನಿಂತು ಸಲಿಕೆ ಮಡಚುತ್ತಿದ್ದಳು.

"ಮಾಲಲ್ಲಿ ಅಕ್ಕನನ್ನು ಮುಂದೆ ಬಿಡ್ತೀರಲ್ಲ ಭಾವ," ಎಂದೆ, "ಐದಕ್ಕೆ ಮೂರು ಇದ್ದ ದಿನ ಆ ಇಳಿಜಾರಲ್ಲೂ ಅವಳನ್ನೇ ಮುಂದೆ ಬಿಡ್ತೀರಾ?"